ತಾಯಿಮೀನುಗಳ ಪಾಲು

ಕುದ್ದೂಸ್ ಚಾಚಾ ಮಾಗುರ್ ಎಂಬ ಮೀಸೆಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಬಟ್ಟಲಿಗೆ ಒಂದು ಚಮಚದಷ್ಟು ಮೊಟ್ಟೆ ಬಿತ್ತು. ಮತ್ತೆ ಒತ್ತಿದರು. ಏನೂ ಬರಲಿಲ್ಲ.

ಇದು ಆರನೆಯ ಮೀನು. ಹೋದ ವರ್ಷ ಮೂರೇ ಮೀನಿಗೆ ಬಟ್ಟಲು ತುಂಬಿತ್ತು.

“ನಿಮ್ಮ ಇಂಜೆಕ್ಷನ್ ಹಳೇದಿರಬೇಕು, ಭಾಯ್,” ಎಂದರು ಜಿನಿಯಾಳ ಅಬ್ಬು.

“ನಿನ್ನೆ ತಾನೆ ಹೊಸ ಬಾಟ್ಲಿ ತೆಗೆದಿದ್ದು.”

“ಹಾಗಾದ್ರೆ ಕೈ ಹಳೇದಾಗಿರಬೇಕು.”

ಇಪ್ಪತ್ತು ವರ್ಷದಿಂದ ಊರಿನ ಮೀನುಗಳಿಗೆಲ್ಲ ಮೊಟ್ಟೆ ಇಳಿಸುವ ಇಂಜೆಕ್ಷನ್ ಕೊಡುತ್ತಿದ್ದ ಚಾಚಾ ತಮ್ಮ ಕೈಗಳನ್ನೇ ಒಮ್ಮೆ ನೋಡಿಕೊಂಡರು. ಮುಂದಿನ ಸಲ ತ್ರಿಶಾಲ್ ಪೇಟೆಯಿಂದ ಬೇರೆಯವರನ್ನು ಕರೆಸುತ್ತೇನೆ ಎಂದು ಅಬ್ಬು ಹೇಳಿದರು. ಚಾಚಾ ಸೂಜಿ ಒರೆಸಿ ಡಬ್ಬಿಗೆ ಹಾಕತೊಡಗಿದರು.

ಮಗಳು ಜಿನಿಯಾ ಪಕ್ಕದಲ್ಲೇ ಟವೆಲ್ ಹಿಡಿದು ನಿಂತಿದ್ದಳು.

ಹಿತ್ತಲ ಕೊಳದ ತಾಯಿಮೀನುಗಳಿಗೆ ಊಟ ಹಾಕುವ ಕೆಲಸ ಅವಳದು. ದಿನಾ ಸ್ಕೂಲಿನಿಂದ ಬಂದು ತೌಡು, ಸಾಸಿವೆ ಹಿಂಡಿ, ಒಂದು ಡಬ್ಬಿ ಒಣಮೀನಿನ ಪುಡಿ ಕಲಸಿ ಉಂಡೆ ಕಟ್ಟಬೇಕು. ಆ ಪುಡಿಯ ವಾಸನೆ ಸೋಪಿಗೂ ಹೋಗುವುದಿಲ್ಲ. ಒಂದು ದಿನ ಕ್ಲಾಸಿನಲ್ಲಿ ಪಕ್ಕ ಕೂರುವ ಶಾಪ್ಲಾ ಬೆಂಚಿನ ಆ ತುದಿಗೆ ಸರಿದು ಕೂತಳು. ಅಂದಿನಿಂದ ಜಿನಿಯಾ ಮೀನಿಗೆ ಬರೀ ತೌಡು, ಹಿಂಡಿ ಹಾಕಿದಳು. ಪುಡಿಯನ್ನು ಡಬ್ಬಿಯಿಂದಲೇ ಅಜ್ಜಿಯ ಬಾತುಗಳ ತಟ್ಟೆಗೆ ಸುರಿದಳು. ಬಾತುಗಳು ವಾಸನೆಯ ಬಗ್ಗೆ ಏನೂ ಹೇಳಲಿಲ್ಲ.

ಚಾಚಾ ಚಪ್ಪಲಿ ಮೆಟ್ಟಿಕೊಂಡರು.

“ಅಬ್ಬು, ಇಂಜೆಕ್ಷನ್ ಸರಿಯಾಗೇ ಇದೆ,” ಎಂದಳು ಜಿನಿಯಾ. “ಒಣಮೀನಿನ ಪುಡಿ ನಾನು ಹಾಕಿಲ್ಲ.”

“ಎಷ್ಟು ದಿನದಿಂದ?”

“ಎರಡು ತಿಂಗಳು.”

“ಪುಡಿ ಎಲ್ಲಿ ಹೋಯ್ತು?”

“ಬಾತುಗಳಿಗೆ.”

ಜಗಲಿಯಲ್ಲಿದ್ದ ಅಜ್ಜಿ ತಲೆಯೆತ್ತಿದರು. “ಅದಕ್ಕೇ ದಿನಾ ಹನ್ನೊಂದು ಮೊಟ್ಟೆ. ನಾನು ಅಲ್ಲಾಹನ ಕೃಪೆ ಅಂದ್ಕೊಂಡಿದ್ದೆ.”

ಅಬ್ಬು ತಾವೇ ಒಳಗಿನಿಂದ ಸ್ಟೂಲು ತಂದು ಚಾಚಾರ ಮುಂದಿಟ್ಟರು. “ಕೂತ್ಕೊಳ್ಳಿ ಭಾಯ್. ನಾನು ಹಾಗೆ ಹೇಳಬಾರದಿತ್ತು.”

ಚಾಚಾ ಕೂತರು. ಜಿನಿಯಾಳನ್ನು ಹತ್ತಿರ ಕರೆದು ಬಟ್ಟಲು ತೋರಿಸಿದರು. ಮೊಟ್ಟೆಗಳು ಸಾಸಿವೆಗಿಂತ ಸಣ್ಣಗೆ, ಪೇಲವವಾಗಿದ್ದವು.

“ತೌಡಿಂದ ಹೊಟ್ಟೆ ತುಂಬುತ್ತೆ, ಕೊಬ್ಬು ಕೂಡುತ್ತೆ. ಮೊಟ್ಟೆ ಕಟ್ಟೋಕೆ ಪ್ರೋಟೀನ್ ಬೇಕಮ್ಮಾ. ಮರಿ ಹೊರಗೆ ಬಂದ ಮೇಲೂ ಮೊದಲ ಎರಡು ಮೂರು ದಿನ ಮೊಟ್ಟೆಯೊಳಗಿಂದ ತಂದಿದ್ದೇ ಅದಕ್ಕೆ ಊಟ. ತಾಯಿ ತಿನ್ನದಿದ್ರೆ ಅದಕ್ಕೆಲ್ಲಿಂದ ಬರಬೇಕು?”

ಮಳೆಗಾಲ ಮುಗಿಯುವ ಮುಂಚೆ ಇನ್ನೊಮ್ಮೆ ಇಂಜೆಕ್ಷನ್ ಕೊಟ್ಟು ನೋಡೋಣ ಎಂದರು. ಆತುರಕ್ಕೆ ಎರಡೆರಡು ಡಬ್ಬಿ ಸುರಿಯಬೇಡ, ಅದರಿಂದ ಮೊಟ್ಟೆಯೇನೂ ಹೆಚ್ಚಾಗಲ್ಲ, ನೀರು ಕೆಡುತ್ತೆ ಅಷ್ಟೆ ಎಂದೂ ಹೇಳಿದರು.

ಸಂಜೆ ಜಿನಿಯಾ ಮೊಣಕೈವರೆಗೂ ಪುಡಿ ಮೆತ್ತಿಕೊಂಡು ಕೊಳಕ್ಕೆ ಹೋದಳು. ದಡ ಮುಟ್ಟುವ ಮೊದಲೇ ನೀರು ಕಲಕಿತು. ಮೀಸೆಯ ಬಾಯಿಗಳು ಒಂದರ ಮೇಲೊಂದು ಮೇಲೆ ಬಂದವು. ಅವಕ್ಕೆ ಅವಳ ಹೆಜ್ಜೆ ಗೊತ್ತು. ಈ ಎರಡು ತಿಂಗಳೂ ಹೀಗೇ ಬಂದಿದ್ದವು. ಅವಳು ಹಾಕಿದ್ದನ್ನು ತಿಂದು ಹೋಗಿದ್ದವು.

ಅಂದು ಅವಳು ಉಂಡೆಗಳನ್ನು ದೂರದಿಂದ ಎಸೆಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಕೈಯನ್ನು ನೀರಿಗೆ ಇಳಿಸಿ, ಒಂದೊಂದಾಗಿ ಬಿಟ್ಟಳು.