ಕಪ್ಪಾಗಿ ಬಂದ ಸರೋವರ

ಆಸ್ಪತ್ರೆಯ ಡ್ಯೂಟಿ ಮುಗಿಸಿ ಹೊರಟ ನರ್ಸ್ ಲೋರ್ನಾಗೆ ಅಂದು ಪ್ರೀತಿಸುವುದಿರಲಿ, ಜಗಳವಾಡುವುದಕ್ಕೂ ತ್ರಾಣ ಉಳಿದಿರಲಿಲ್ಲ. ಡುಲುತ್ ಪಟ್ಟಣದ ಏರುರಸ್ತೆಯಲ್ಲಿ ಹಿಮ ಕರಗಿ ಕೆಸರಾಗಿತ್ತು. ಬೂಟು ಎಳೆದುಕೊಂಡು ಬಂದು ಕ್ಯಾಮೆರಾ ಅಂಗಡಿಯ ಬಾಗಿಲು ತಳ್ಳುವ ಹೊತ್ತಿಗೆ ಅವಳು ತೀರ್ಮಾನಿಸಿಯಾಗಿತ್ತು: ಇವತ್ತು ಯಾವುದೋ ಒಂದು ಫೋಟೋ ಪ್ರಿಂಟರ್ ಕೊಂಡುಬಿಡುವುದು, ಮತ್ತೆ ಇತ್ತ ತಲೆ ಹಾಕದಿರುವುದು.

ಚಳಿಗಾಲ ಶುರುವಾದಾಗಿನಿಂದ ಪ್ರತಿ ಶನಿವಾರ ಬರುತ್ತಿದ್ದಳು; ಯಾವ ಪ್ರಿಂಟರಲ್ಲಿ ಹಾಕಿ ನೋಡಿದರೂ ಅವಳ ಫೋಟೋ ಕಪ್ಪಾಗಿಯೇ ಬರುತ್ತಿತ್ತು. ಪ್ರಿಂಟರ್ ಬರೀ ನೆಪವಾದದ್ದು ಯಾವಾಗ ಎಂದು ಅವಳಿಗೇ ತಿಳಿಯದು. ಅಂಗಡಿಯ ಮಾಲೀಕ ಎಲ್ಡನ್ ಕನ್ನಡಕವನ್ನು ಹಣೆಗೇರಿಸಿ, ಅವಳು ತೆಗೆದ ಸರೋವರದ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ರೀತಿಗೆ ಸೋತಿದ್ದಳು. ಐವತ್ತು ದಾಟಿದವಳು, ಒಂದು ಮದುವೆಯಲ್ಲಿ ಕೈಸುಟ್ಟುಕೊಂಡವಳು. ಹಾಗಂತ ಸೋಲಬಾರದೆಂಬ ಕಾನೂನೇನಿಲ್ಲ. ಆದರೆ ಆ ಮಹಾರಾಯ ತುಟಿ ಬಿಚ್ಚಬೇಕಲ್ಲ! ಕಾದೂ ಕಾದೂ ಅವಳಿಗೆ ಸಾಕಾಗಿತ್ತು.

"ಬಂದ್ರಾ? ಮುಖ ಯಾಕೆ ಹೀಗೆ ಬಾಡಿದೆ?" ಎಂದ ಎಲ್ಡನ್. "ಬಿಸಿ ಕಾಫಿ ಇದೆ."

"ಬೆಳಗಿಂದ ನಿಂತೇ ಇದ್ದೆ. ಕಾಫಿ ಬೇಡ, ಪ್ರಿಂಟರ್ ಕೊಡಿ. ಆ ಮೂಲೇದು."

"ಅದರಲ್ಲಿ ಕಪ್ಪು-ಬಿಳುಪು ಚೆಂದ. ನಿಮ್ಮ ಸರೋವರದ ನೀಲಿ ಬರಲ್ಲ."

"ಸರಿ, ಈ ದೊಡ್ಡದು?"

"ಇದಕ್ಕೆ ವಾರಕ್ಕೊಂದು ಫೋಟೋನಾದ್ರೂ ಪ್ರಿಂಟ್ ಮಾಡ್ಲೇಬೇಕು. ಇಲ್ದಿದ್ರೆ ಇಂಕು ಒಳಗೇ ಒಣಗಿ ಕಟ್ಕೊಳ್ಳುತ್ತೆ. ನಿಮಗೆಲ್ಲಿ ಪುರುಸೊತ್ತು?"

ಲೋರ್ನಾಗೆ ರೇಗಿತು. "ರೀ ಎಲ್ಡನ್, ನಿಮಗೆ ವ್ಯಾಪಾರ ಬೇಕೋ ಬೇಡ್ವೋ? ಒಂದು ಮೆಷಿನ್ ಸಾಕೋ ಯೋಗ್ಯತೇನೂ ನಂಗಿಲ್ಲ ಅಂತಾನಾ?"

ಎಲ್ಡನ್‌ನ ಕಿವಿಗಳು ಕೆಂಪಾದವು. ಅವಳ ಪೆನ್‌ಡ್ರೈವ್ ತೆಗೆದುಕೊಂಡು ದೊಡ್ಡ ಪ್ರಿಂಟರಿಗೆ ಕಾಗದವಿಟ್ಟ. ಅವಳೇ ತೆಗೆದ ಹೆಪ್ಪುಗಟ್ಟಿದ ಸರೋವರದ ಫೋಟೋ ನಿಧಾನವಾಗಿ ಹೊರಬಂತು. ಬಗ್ಗಿ ನೋಡುವಾಗ ಅವನ ತೋಳು ಅವಳ ತೋಳಿಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

"ನೋಡಿ, ಇದರಲ್ಲೂ ಕಪ್ಪಾಗೇ ಬಂತು," ಎಂದಳು. "ಮನೇಲಿ ಕಂಪ್ಯೂಟರಲ್ಲಿ ಎಷ್ಟು ಹೊಳೀತಿತ್ತು ಗೊತ್ತಾ? ಸಾಕಪ್ಪಾ ಸಾಕು. ಇದನ್ನೇ ಪ್ಯಾಕ್ ಮಾಡಿ. ಇನ್ನು ನಾನು ಬರಲ್ಲ."

ಎಲ್ಡನ್ ಕನ್ನಡಕ ಕೆಳಗಿಳಿಸಿದ. "ತಪ್ಪು ಪ್ರಿಂಟರಿನದಲ್ಲ. ನೀವು ಕಂಪ್ಯೂಟರ್ ಸ್ಕ್ರೀನಿನ ಬೆಳಕು ಪೂರ್ತಿ ಏರಿಸಿಟ್ಟಿದ್ದೀರಿ. ಅದು ಹೊಳೆಯೋದು ನೋಡಿ, ಫೋಟೋದಲ್ಲೇ ಬೆಳಕು ಜಾಸ್ತಿ ಅಂದ್ಕೊಂಡು ಅದನ್ನ ಮಂಕು ಮಾಡ್ತೀರಿ, ಇಲ್ಲಿ ಕಪ್ಪಾಗಿ ಬರುತ್ತೆ. ಬೆಳಕು ಇಳಿಸಿದ್ರೆ ಯಾವ ಪ್ರಿಂಟರ್ ಆದ್ರೂ ಸೈ."

"ಇದು ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತೇ ಒಂದು ಎತ್ಕೊಂಡು ಹೋಗ್ಬಿಡ್ತಿದ್ರಿ." ಅವನು ಒದ್ದೆ ಕಾಗದವನ್ನೇ ನೋಡುತ್ತಿದ್ದ. "ಆಮೇಲೆ ನಂಗೆ ಶನಿವಾರ ಯಾತಕ್ಕೆ?"

ಲೋರ್ನಾ ಸ್ಟೂಲಿನ ಮೇಲೆ ಕುಸಿದು ಕೂತಳು. ನಗು ಬಂತು, ಸುಸ್ತಿಗೆ ಕಣ್ಣೀರೂ ಬಂತು.

"ಕಳ್ಳ! ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಈ ಚಳೀಲಿ ನಾನು ಪ್ರಿಂಟರ್ ನೋಡೋಕೆ ಬರ್ತಿದ್ದೆ ಅಂದ್ಕೊಂಡ್ರಾ?"

ಎಲ್ಡನ್ ಕನ್ನಡಕವನ್ನು ಮತ್ತೆ ಹಣೆಗೇರಿಸಿದ. ಬೆಪ್ಪಾಗಿ ನಿಂತ. ಆ ಬೆಪ್ಪು ಮುಖವೂ ಅವಳಿಗೆ ಇಷ್ಟವಾಯಿತು.

"ದೊಡ್ಡದನ್ನೇ ಕೊಡಿ," ಎಂದಳು ಕಣ್ಣೊರೆಸಿಕೊಂಡು. "ವಾರವಾರ ಮನೆಗೆ ಬಂದು ಫೋಟೋ ಪ್ರಿಂಟ್ ಮಾಡೋದು ನಿಮ್ಮ ಕೆಲಸ. ನನ್ ಕೈಲಾಗಲ್ಲ."

"ಬರ್ತೀನಿ. ಪ್ರಿಂಟ್ ಮಾಡೋದು ಐದು ನಿಮಿಷದ ಕೆಲಸ. ಇಂಕು ಪೂರ್ತಿ ಆರೋಕೆ ಮಾತ್ರ ಒಂದಿಡೀ ದಿನ ಬೇಕು. ಅಲ್ಲೀತನಕ ಫ್ರೇಮಿಗೆ ಹಾಕೋ ಹಾಗಿಲ್ಲ."

ಲೋರ್ನಾ ತನ್ನ ತಣ್ಣನೆಯ ಕೈಯನ್ನು ಅವನ ಕೈಯೊಳಗಿಟ್ಟಳು.

"ಹಾಗಾದ್ರೆ ಆರೋ ತನಕ ಇದ್ದೇ ಹೋಗಿ," ಎಂದಳು.