ಮುಳ್ಳಿಗೆ ಇಟ್ಟ ಹತ್ತಿ

ಅಂಗಡಿಯ ಮೇಜಿನ ಮೇಲೆ ತಕ್ಕಡಿ ಇದ್ದ ಜಾಗದಲ್ಲಿ ಒಂದು ತಿಳಿಬಣ್ಣದ ಚೌಕ ಮಾತ್ರ ಉಳಿದಿತ್ತು. ಸುತ್ತಲಿನ ಮರವೆಲ್ಲ ಕೈ ತಾಗಿ ಕಪ್ಪಾಗಿತ್ತು. ಆ ಚೌಕ ಅಪ್ಪನ ಕಾಲದಿಂದ ಬೆಳಕೇ ಕಂಡಿರಲಿಲ್ಲ.

"ಒಬ್ಬ ಬಂದು, ನಾನು ತೂಕ-ಅಳತೆ ಇಲಾಖೆಯವನು ಅಂದ. ಹಳೇ ತಕ್ಕಡಿ ಜಪ್ತಿ ಅಂದ. ಕೊಟ್ಟುಬಿಟ್ಟೆ," ಎಂದಳು ಬೀಜದಂಗಡಿಯ ಒಡತಿ. ಬೀದಿಗೆಲ್ಲ ಅವಳು ಅಕ್ಕ. "ಆಮೇಲೆ ಇಲಾಖೆಗೆ ಫೋನ್ ಮಾಡಿದ್ರೆ, ನಾವು ಯಾರನ್ನೂ ಕಳಿಸಿಲ್ಲಮ್ಮ ಅಂತಾರೆ!"

ತನಿಖಾಧಿಕಾರಿ ತಲೆಯಾಡಿಸಿದಳು. ಸರ್ಕಾರದ ಹೆಸರು ಹೇಳಿ ಟೋಪಿ ಹಾಕುವವರನ್ನು ಹಿಡಿಯಲೆಂದೇ ತೆರೆದ ಹೊಸ ವಿಭಾಗದವಳು.

"ಪರೀಕ್ಷೆಗೆ ತೂಕದ ಕಲ್ಲು ತಂದಿದ್ನಾ?"

"ಇಲ್ಲ."

"ರಸೀದಿ?"

"ಒಂದು ಚೀಟಿ ಗೀಚಿದ. ಅರ್ಧ ಹರಿದು ಕೈಗಿಟ್ಟು, 'ಒಳಗೆ ಹೋಗಿ' ಅಂದ. ನನ್ನ ಅಂಗಡಿಗೆ ನನ್ನನ್ನೇ!"

"ಒರಟನಾ?"

"ಛೆ, ತಕ್ಕಡೀನ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡ. ಜೇಬಿಂದ ಹತ್ತಿ ತೆಗೆದು ಮುಳ್ಳಿನ ಸಂದಿಗೆ ತುರುಕಿದ ಮೇಲೇನೇ ಕೈ ಹಾಕಿದ್ದು."

ಸುದ್ದಿ ಕೇಳಿ ಓಡಿಬಂದಿದ್ದ ತಮ್ಮ ಬೀಜದ ಮೂಟೆಯ ಮೇಲೆ ಕೂತಿದ್ದ. ಅಪ್ಪ ತೀರಿಕೊಂಡು ಅಂಗಡಿ ಅಕ್ಕನ ಪಾಲಿಗೆ ಬಂದಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಏನಿದ್ದರೂ ಅವನು ಅಧಿಕಾರಿಯ ಮುಖ ನೋಡಿಯೇ ಹೇಳುತ್ತಿದ್ದ.

"ಆ ಹಳೇ ಸಾಮಾನಿನ ವ್ಯಾಪಾರಿಯದೇ ಕೆಲಸ ಮೇಡಂ. ಇವರು ತಕ್ಕಡೀನ ಅವನಿಗೆ ಮಾರೋಕೆ ಹೊರಟಿದ್ರು. ಹೋಟೆಲ್ಲಿನ ಷೋಕೇಸಿಗೆ ಕೊಡ್ತೀನಿ ಅಂತ ಬೀದಿಗೆಲ್ಲ ಡಂಗುರ ಹೊಡೆದಿದ್ದಾನೆ."

"ಯಾವಾಗ ಕೊಡೋದಿತ್ತು?"

"ಸೋಮವಾರ," ಎಂದಳು ಅಕ್ಕ.

"ಸೋಮವಾರ ಕೇಳಿದ್ರೆ ಸಿಗೋದನ್ನ ಶುಕ್ರವಾರ ಯಾಕೆ ಕದೀತಾನೆ?" ಅಧಿಕಾರಿ ಚೌಕದ ಮೇಲೆ ಬೆರಳಾಡಿಸಿದಳು. "ಅದಿರಲಿ. ಹತ್ತಿ ಯಾಕೆ?"

ಅಕ್ಕನ ಮುಖ ಅರಳಿತು. "ಮುಳ್ಳು ನಡುಗಬಾರದಲ್ಲ! ಸಂಜೆ ಬಾಗಿಲು ಹಾಕೋ ಮುಂಚೆ ಅಪ್ಪ ಒಂದು ಚಿಟಿಕೆ ಹತ್ತಿ ಇಡ್ತಿದ್ರು. ಪಾಪ, ದಿನವಿಡೀ ನಿಂತಿದೆ, ಮಲಗಲಿ ಅನ್ನೋರು. ಮಲಗಿಸೋ ಸರದಿಗೆ ನಾವಿಬ್ಬರೂ ಜುಟ್ಟು ಹಿಡಿದು ಜಗಳ ಆಡ್ತಿದ್ವಿ. ಇವನು ಕುರ್ಚಿ ಮೇಲೆ ನಿಂತು, ನಾಲಿಗೆ ಕಚ್ಚಿಕೊಂಡು..."

"ಬೇರೆ ಅಂಗಡಿಗಳಲ್ಲೂ ಹೀಗೇನಾ?"

"ಇಲ್ಲ, ಅವರು ತಟ್ಟೆ ಕಳಚಿಡ್ತಾರೆ. ಇದು ನಮ್ಮ ಅಪ್ಪನದೇ..."

ಮಾತು ನಡುವೆಯೇ ನಿಂತಿತು. ಅವಳು ಮೂಟೆಯ ಕಡೆ ತಿರುಗಲಿಲ್ಲ.

"ಜಪ್ತಿ ಮಾಡೋಕೆ ಬಂದವನು ಹತ್ತಿ ಜೇಬಲ್ಲಿಟ್ಕೊಂಡು ಬರಲ್ಲ," ಎಂದಳು ಅಧಿಕಾರಿ ಮೆಲ್ಲಗೆ. "ಯಾರೋ ಹೇಳಿ ಕಳಿಸಿದ್ದಾರೆ. ತಕ್ಕಡಿ ಹೇಗೆ ಮಲಗುತ್ತೆ ಅಂತ ಗೊತ್ತಿದ್ದವರು. ನಿಮ್ಮಿಬ್ಬರನ್ನ ಬಿಟ್ರೆ ಯಾರಿದ್ದಾರೆ? ಇನ್ನು ಅರ್ಧ ಹರಿದು ಕೊಟ್ಟು 'ಒಳಗೆ ಹೋಗಿ' ಅನ್ನೋದು ಟಿಕೆಟ್ ಹರಿಯೋ ಗೇಟ್‌ಕೀಪರ್ ಚಾಳಿ." ಅವಳು ತಮ್ಮನ ಕಡೆ ತಿರುಗಿದಳು. "ನಿಮಗೆ ಎಲ್ಲಿ ಕೆಲಸ?"

"ಟಾಕೀಸಲ್ಲಿ. ಸಿನಿಮಾ ಓಡಿಸ್ತೀನಿ." ಅವನು ನೆಲ ನೋಡಿದ. "ಗೇಟ್‌ಕೀಪರ್ ನನ್ನ ಸ್ನೇಹಿತ. ಅಪ್ಪನ ತಕ್ಕಡಿ ಷೋಕೇಸಿಗೆ ಹೋಗೋದು ನೋಡೋಕಾಗಲಿಲ್ಲ... ಇವರನ್ನ ಕೇಳೋಣ ಅಂದ್ರೆ ಮಾತೇ ಇಲ್ಲ."

"ದೂರು ವಾಪಸ್ ತಗೋತೀನಿ!" ಎಂದಳು ಅಕ್ಕ.

"ತಕ್ಕಡಿ ನಿಮ್ಮದು, ಬಿಟ್ಟುಕೊಡಬಹುದು. ಇಲಾಖೆಯ ಹೆಸರು ನಿಮ್ಮದಲ್ಲಮ್ಮ. ನಾಳೆ ನಿಜವಾದ ಇನ್ಸ್‌ಪೆಕ್ಟರ್ ಬಂದ್ರೆ ಈ ಬೀದೀಲಿ ಯಾರು ನಂಬ್ತಾರೆ? ಹೊಸ ಕಾಯ್ದೇಲಿ ವೇಷ ಹಾಕಿದವನೂ ತಪ್ಪಿತಸ್ಥ, ಹಾಕಿಸಿದವನೂ ತಪ್ಪಿತಸ್ಥ." ಅವಳು ಬಾಗಿಲಿಗೆ ಹೋಗಿ, ಬೀದಿ ನೋಡುತ್ತ ನಿಂತಳು. "ಜೀಪ್ ಬರೋಕೆ ಸ್ವಲ್ಪ ಹೊತ್ತಿದೆ."

ಅಕ್ಕ ಮೂಟೆಯ ಕಡೆ ತಿರುಗಿದಳು. ಅವಳೇ ಮೊದಲು ಬಾಯಿಬಿಟ್ಟಳು. ಎಷ್ಟೋ ವರ್ಷದ ಮೇಲೆ, ಅವನ ಮುಖ ನೋಡಿಯೇ.

"ಅವನು ಹತ್ತಿ ಸರಿಯಾಗಿ ಇಟ್ಟಿದ್ನೇನೋ?"

"ಅವನಿಗೆಲ್ಲಿ ಬರುತ್ತೆ ಕಣೇ," ಎಂದ ತಮ್ಮ. "ಮನೇಲಿ ನಾನೇ ತೆಗೆದು ಮತ್ತೆ ಇಟ್ಟೆ."