ಹಿಂದಿನ ಕುರ್ಚಿ

ಬೇಕರಿಯವನಿಗೆ ತುತ್ತೂರಿಯ ಮೇಲೆ ಹುಟ್ಟುದ್ವೇಷವೇನೂ ಇರಲಿಲ್ಲ. ಬೇರೆ ಯಾರ ನೆತ್ತಿಯ ಮೇಲಾದರೂ ಅದು ಮೊಳಗಿಕೊಳ್ಳಲಿ, ಅವನ ಗಂಟೇನು ಹೋಗಬೇಕು? ಆದರೆ ಅದು ಮೊಳಗುತ್ತಿದ್ದದ್ದು ಅವನ ಹಾಸಿಗೆಯ ನೇರ ಮೇಲೆ, ರಾತ್ರಿಯಿಡೀ ಒಲೆಯ ಮುಂದೆ ಬೆಂದು ಬಂದವನು ಬೆಳಿಗ್ಗೆ ದಿಂಬಿಗೆ ತಲೆ ಕೊಡುವ ಹೊತ್ತಿಗೆ ಸರಿಯಾಗಿ. ಮೇಲಿನ ಮನೆಯ ತಾತ ಬ್ಯಾಂಡಿನಿಂದ ನಿವೃತ್ತನಾಗಿದ್ದ. ತುತ್ತೂರಿ ಇನ್ನೂ ಆಗಿರಲಿಲ್ಲ.

ಕೈಮುಗಿದು ಕೇಳಿದ್ದೂ ಆಗಿತ್ತು. "ತಾತ, ಸಂಜೆ ಊದ್ಕೊಳ್ಳಿ. ಹಗಲು ನಾನು ಸ್ವಲ್ಪ ಮಲಗ್ಬೇಕು."

"ಹಗಲು ಹೊತ್ತು ಮಲಗೋ ಗಂಡಸನ್ನ ಇವತ್ತೇ ನೋಡಿದ್ದು ಕಣೋ," ಅಂದ ತಾತ, ತುತ್ತೂರಿಯ ಬಾಯನ್ನು ಪಂಚೆಯ ತುದಿಯಿಂದ ಒರೆಸುತ್ತಾ.

ಹೋದ ವಾರ ಬೇಕರಿಯವನು ನಿಂತಲ್ಲೇ ತೂಕಡಿಸಿ ಒಲೆಯ ತುಂಬ ಇದ್ದ ಬ್ರೆಡ್ಡನ್ನು ಇದ್ದಿಲು ಮಾಡಿದ. ಮಾಲೀಕ ಬೈಯಲಿಲ್ಲ. "ಇನ್ನೊಂದ್ಸಲ ಹಿಂಗಾದ್ರೆ ಬೇರೆ ಕಡೆ ಕೆಲ್ಸ ನೋಡ್ಕೋ," ಅಂದನಷ್ಟೆ. ಅಲ್ಲಿಗೆ ಲೆಕ್ಕ ಸರಳವಾಯಿತು. ಇನ್ನು ಒಂದೋ ತುತ್ತೂರಿ ಇರಬೇಕು, ಇಲ್ಲ ಅವನ ನೌಕರಿ.

ಇಡೀ ತುತ್ತೂರಿಯನ್ನು ಕದಿಯುವುದು ಪೆದ್ದರ ಕೆಲಸ. ತುಟಿಗೆ ಇಟ್ಟು ಊದುವ ಆ ಹಿತ್ತಾಳೆಯ ತುಂಡೊಂದು ಮಾಯವಾದರೆ ಸಾಕು, ಉಳಿದದ್ದು ಬರೀ ಕೊಳವೆ. ತುಂಡು ಜೇಬಿಗೆ ಹಿಡಿಸುತ್ತದೆ. ತಾತ ತಾನೇ ಎಲ್ಲೋ ಇಟ್ಟು ಮರೆತೆ ಅಂದುಕೊಳ್ಳುತ್ತಾನೆ. ಅಜ್ಜಿಯಂತೂ ಖಂಡಿತ ಹಾಗೇ ಅಂದುಕೊಳ್ಳುತ್ತಾಳೆ.

ಉಪಾಯ ಒದಗಿಸಿದ್ದೂ ತುತ್ತೂರಿಯೇ ಅನ್ನಬೇಕು. ಅದರ ಕಾಟಕ್ಕೆ ನಿದ್ದೆಗೆಟ್ಟ ಹಗಲುಗಳಲ್ಲಿ ಅವನು ಫೋನಿನಲ್ಲಿ ಒಂದು ಪತ್ತೇದಾರಿ ಧಾರಾವಾಹಿಯನ್ನು ನೋಡಿ ಮುಗಿಸಿದ್ದ. ಮಂಜು ಕವಿದ ಬಂದರು, ಒಂದರ ಹಿಂದೆ ಒಂದು ಹೆಣ, ನಗುವುದೇ ಗೊತ್ತಿಲ್ಲದ ಇನ್ಸ್‌ಪೆಕ್ಟರು. ಅವನು ಎದುರು ಸಿಕ್ಕವರಿಗೆಲ್ಲ ಹೇಳುವುದು ಒಂದೇ ಮಾತು: "ಎಲ್ಲಿ, ಕೈ ತೋರಿಸಿ." ಕತೆ ಎಷ್ಟು ಕರಾಳವೋ ಪರದೆಯೂ ಅಷ್ಟೇ ಕಪ್ಪು, ಮನೆಯ ದೀಪ ಆರಿಸದೆ ಏನೂ ಕಾಣದು. ಅದೇ ಧಾರಾವಾಹಿ ಈಗ ಟೀವಿಯಲ್ಲಿ ವಾರಕ್ಕೊಂದು ಕಂತಿನಂತೆ ಶುರುವಾಗಲಿತ್ತು.

ಬೇಕರಿಯವನು ಮೆಟ್ಟಿಲ ಮೇಲೆ ಸಿಕ್ಕವರ ತಲೆಗೆಲ್ಲ ಹುಳ ಬಿಟ್ಟ. ಕೆಳಮನೆಯ ಟೈಲರಕ್ಕನಿಗೆ, "ಎದೆ ಗಟ್ಟಿ ಇದ್ರೆ ಮಾತ್ರ ನೋಡಕ್ಕ," ಅಂದ. ಎದುರುಮನೆಯ ಕಾಂಪೌಂಡರಿಗೆ, "ನಿಮ್ಮಂಥ ಬುದ್ಧಿವಂತರಿಗೂ ಕೊಲೆಗಾರ ಸಿಗಲ್ಲ ಬಿಡಿ," ಅಂದ. ತಾತನಿಗೆ ಅದರಲ್ಲಿ ಬರುವ ಬ್ಯಾಂಡಿನ ಸಂಗೀತವನ್ನು ಹೊಗಳಿದ. ಮೂವರೂ ಗಾಳಕ್ಕೆ ಬಿದ್ದರು.

"ಅಷ್ಟು ಕತ್ಲೆ ಯಾಕಪ್ಪ? ಆ ಊರಲ್ಲಿ ಯಾರೂ ಕರೆಂಟ್ ಬಿಲ್ ಕಟ್ಟಿಲ್ವಾ?" ಅಂತ ಅಜ್ಜಿ ಗೊಣಗಿದಳು. ಗೊಣಗುತ್ತಲೇ ಒಂದು ಕಂತನ್ನೂ ತಪ್ಪಿಸಲಿಲ್ಲ.

ಅವರವರ ಮನೆಯಲ್ಲಿ ನೋಡಿ, ಮರುದಿನ ಮೆಟ್ಟಿಲಲ್ಲಿ ಇವನನ್ನು ಅಡ್ಡಗಟ್ಟುವುದು ರೂಢಿಯಾಯಿತು. ಪ್ರತಿ ತಿರುವಿಗೂ ಟೈಲರಕ್ಕ ಅವನ ತೋಳು ಚಿವುಟುತ್ತಿದ್ದಳು: "ನಿಂಗೆ ಮೊದ್ಲೇ ಗೊತ್ತಿತ್ತಲ್ವಾ? ಕಳ್ಳ! ಮುಖ ನೋಡು, ಹೆಂಗೆ ಇಟ್ಕೊಂಡಿದಾನೆ!" ಅವನು ಮೀಸೆಯಡಿ ನಗುತ್ತಿದ್ದ. ನಿಜ ಹೇಳಬೇಕೆಂದರೆ, ಕಳ್ಳತನದ ತಯಾರಿಯಲ್ಲಿ ಅವನಿಗೆ ಅತಿ ಹಿತವಾದದ್ದು ಆ ಚಿವುಟೇ.

ಕೊನೆಯ ಕಂತನ್ನು ತಾತನ ಮನೆಯ ದೊಡ್ಡ ಟೀವಿಯಲ್ಲಿ ಎಲ್ಲರೂ ಒಟ್ಟಿಗೆ ನೋಡೋಣ ಎಂದು ಸೂಚಿಸಿದವನೂ ಅವನೇ. ಸಂಜೆ ಎಲ್ಲರೂ ಸೇರಿದಾಗ ಅಜ್ಜಿ ಮುಂದಿನ ಸೋಫಾ ತೋರಿಸಿದಳು. "ಬೇಡಜ್ಜಿ, ನಾನು ನೋಡಿದೀನಲ್ಲ. ನೀವು ಮುಂದೆ ಕೂತ್ಕೊಳ್ಳಿ," ಎಂದು ಅವನು ಎಲ್ಲರ ಹಿಂದೆ, ಒಳಕೋಣೆಯ ಬಾಗಿಲಿಗೆ ತಾಗಿದ ಕುರ್ಚಿಯಲ್ಲಿ ಕೂತ. ಎಂಥ ಒಳ್ಳೆ ಹುಡುಗ ಎಂದು ಅಜ್ಜಿಗೆ ಅನಿಸಿತು. ದೀಪ ಆರಿತು.

ತುತ್ತೂರಿಯ ಪೆಟ್ಟಿಗೆ ಒಳಗಡೆ ಮಂಚದ ಮೇಲಿತ್ತು. ಅದರ ಚಿಲಕ ಟಕ್ಕೆನ್ನುತ್ತದೆಂದು ಅವನಿಗೆ ಗೊತ್ತಿತ್ತು. ಕೊಲೆಗಾರ ಸಿಕ್ಕಿಬೀಳುವ ಗಳಿಗೆಯಲ್ಲಿ ಬಂದರಿನ ಸೈರನ್ ಕಿವಿ ಕಿತ್ತುಹೋಗುವಂತೆ ಕೂಗುತ್ತದೆಂಬುದೂ ಗೊತ್ತಿತ್ತು. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಪರದೆಯಿಂದ ಕಣ್ಣು ಕೀಳುವವರು ಯಾರು? ಎದ್ದು, ತೆಗೆದು, ಜೇಬಿಗಿಟ್ಟು, ಬಂದು ಕೂರುವುದು. ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸು.

ಇನ್ಸ್‌ಪೆಕ್ಟರು ದೀಪಸ್ತಂಭದ ಮೆಟ್ಟಿಲು ಹತ್ತತೊಡಗಿದ. ಟೈಲರಕ್ಕ ದಿಂಬನ್ನು ತಬ್ಬಿಕೊಂಡಳು. ಬೇಕರಿಯವನು ಬೆಕ್ಕಿನ ಹೆಜ್ಜೆಯಲ್ಲಿ ಎದ್ದ.

ಎಲ್ಲವೂ ಅವನು ಅಂದುಕೊಂಡಂತೆಯೇ ನಡೆಯಿತು. ಸೈರನ್ ಕೂಗಿತು, ಚಿಲಕದ ಸದ್ದು ಅದರಲ್ಲಿ ಮುಳುಗಿತು, ತುಂಡು ತಣ್ಣಗೆ ಅಂಗೈಗೆ ಬಂತು. ಹೊರಗೆ ಟೈಲರಕ್ಕ ಚೀರಿದಳು: "ಅಯ್ಯೋ, ಆ ಸೂಪ್ ತಂದ್ಕೊಡೋಳಾ!" ಅಷ್ಟು ದಿನ ಇನ್ಸ್‌ಪೆಕ್ಟರಿಗೆ ಬಿಸಿಬಿಸಿ ಸೂಪ್ ಬಡಿಸಿದ ಅಡುಗೆಯವಳ ಮೇಲೆ ಎಲ್ಲರಿಗೂ ಅಕ್ಕರೆಯಿತ್ತು. ನಾಳೆ ಬೆಳಿಗ್ಗೆ ಮಲಗುವ ನಿದ್ದೆಯನ್ನು ನೆನೆದು ಅವನ ಕಣ್ಣು ಒದ್ದೆಯಾಯಿತು. ಬಾಗಿಲಿಗೆ ಬಂದ.

ಪರದೆಯ ಮೇಲೆ ಅಡುಗೆಯವಳು ಅತ್ತು ಅತ್ತು ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದಳು. ನೋಡುವವರು ಒಬ್ಬರೂ ಇರಲಿಲ್ಲ. ತಾತ, ಅಜ್ಜಿ, ಟೈಲರಕ್ಕ, ಕಾಂಪೌಂಡರು, ನಾಲ್ವರೂ ಟೀವಿಗೆ ಬೆನ್ನು ಹಾಕಿ, ಸೋಫಾದ ಮೇಲೆ ಮಂಡಿಯೂರಿ, ಹಿಂದಿನ ಕುರ್ಚಿಯತ್ತ ತಿರುಗಿದ್ದರು. ಟೈಲರಕ್ಕನ ಕೈ ಚಿವುಟಲು ಅರ್ಧ ಚಾಚಿತ್ತು. ಮೊದಲೇ ಗೊತ್ತಿದ್ದವನ ಮುಖ ಈಗ ಹೇಗಿದೆ ಎಂದು ನೋಡುವುದೇ ಅವರಿಗೆ ಕೊಲೆಗಾರ ಸಿಕ್ಕಿದ್ದಕ್ಕಿಂತ ಮುಖ್ಯವಾಗಿತ್ತು. ಖಾಲಿ ಕುರ್ಚಿಯಿಂದ ನಾಲ್ಕು ಜೊತೆ ಕಣ್ಣು ಮೆಲ್ಲಗೆ ಬಾಗಿಲಿಗೆ ಏರಿದವು. ಅವನು ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದ. ಅಜ್ಜಿ ಎದ್ದು ದೀಪ ಹಾಕಿದಳು. "ಎಲ್ಲಿ," ಅಂದ ತಾತ, "ಕೈ ತೋರ್ಸು."